ಹೇಮಾವತಿಯ ಹಿನ್ನೀರು, ಕ್ರಿಸ್‌ಮಸ್‌ನ ಭರವಸೆ



ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಅವಧಿಯನ್ನು ಕ್ರೈಸ್ತರು ಆಗಮನ ಕಾಲವೆಂದು ಕರೆಯುತ್ತಾರೆ. ಕಥೋಲಿಕ ದೇವಾಲಯಗಳಲ್ಲಿ ಗುರುಗಳು ನೇರಳೆ ಬಣ್ಣದ ಪೂಜಾವಸ್ತ್ರ ಧರಿಸುತ್ತಾರೆ. ವಾರಕ್ಕೊಂದರಂತೆ ಮೇಣದ ಬತ್ತಿ ಹಚ್ಚುತ್ತಾರೆ. ಹಬ್ಬದ ಗಡಿಬಿಡಿಯಲ್ಲಿ ನಾವು ಮರೆಯುವ ಸಂಗತಿಯೆಂದರೆ ಇದು ಕಾಯುವ ಕಾಲ ಎಂಬುದು. ನಾಳೆ ಏನಾದೀತೆಂದು ತಿಳಿಯದಿರುವಾಗ ದೇವರನ್ನು ನಂಬಿ ಕಾಯುವುದೆಂದರೇನು? ಈ ಪ್ರಶ್ನೆಯನ್ನು ಕೇಳಿಕೊಳ್ಳಲು ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಗಿಂತ ತಕ್ಕ ಜಾಗ ನನಗೆ ತೋರುವುದಿಲ್ಲ.

ಹಾಸನದಿಂದ ಸುಮಾರು 20 ಕಿಲೋಮೀಟರ್ ದೂರದ ಈ ಊರಿನಲ್ಲಿ ಫ್ರೆಂಚ್ ಧರ್ಮಪ್ರಚಾರಕರು 1860ರ ದಶಕದಲ್ಲಿ ಜಪಮಾಲೆ ಮಾತೆಯ ದೇವಾಲಯವನ್ನು ಕಟ್ಟಿದರು. ಗಾಥಿಕ್ ಶೈಲಿಯ ಎತ್ತರದ ಕಮಾನುಗಳು, ಇಟ್ಟಿಗೆ ಗಾರೆಯ ಗೋಡೆಗಳು. ಗಾರೆಗೆ ಬೆಲ್ಲ, ಮೊಟ್ಟೆ ಬೆರೆಸಿದ್ದರೆಂದು ಜನ ಹೇಳುತ್ತಾರೆ. ಹಳೆಯ ಕಟ್ಟಡ ಗಟ್ಟಿಯಾಗಿದ್ದರೆ ಈ ಮಾತು ಎಲ್ಲ ಕಡೆಯೂ ಕೇಳಿಬರುತ್ತದೆ, ಇರಲಿ. ಗೊರೂರಿನಲ್ಲಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಿತು. ಸುಮಾರು 37 ಟಿ.ಎಂ.ಸಿ. ನೀರು ನಿಲ್ಲುವ ಜಲಾಶಯ ಅದು. ಕೆಳಗಿನ ಹೊಲಗಳಿಗೆ ನೀರು ಹರಿಯಿತು. ಮೇಲಿನ ಊರುಗಳು ಹಿನ್ನೀರಿಗೆ ಸೇರಿದವು. ಶೆಟ್ಟಿಹಳ್ಳಿಯ ಜನ ಗಂಟುಮೂಟೆ ಕಟ್ಟಿಕೊಂಡು ಬೇರೆಡೆ ನೆಲೆಸಿದರು. ದೇವಾಲಯವನ್ನು ಮಾತ್ರ ಎತ್ತಿಕೊಂಡು ಹೋಗುವಂತಿರಲಿಲ್ಲ. ಮಳೆಗಾಲದಲ್ಲಿ ಅದು ಕಮಾನಿನವರೆಗೆ ಮುಳುಗುತ್ತದೆ. ಬೇಸಿಗೆಯಲ್ಲಿ ಒಣನೆಲದ ಮೇಲೆ ಸೂರಿಲ್ಲದೆ ನಿಲ್ಲುತ್ತದೆ.

ಹೀಗೆ ಊರು ಕಳೆದುಕೊಂಡವರಿಗೆ 'ದೇವರನ್ನು ನಂಬಿ' ಎಂದು ಹೇಳುವುದು ಸುಲಭವಲ್ಲ. ಪರಿಹಾರದ ಹಣ, ಬದಲಿ ಭೂಮಿ, ಹೊಸ ಊರಿನ ಬಾವಿ ಇವುಗಳ ಬದಲಿಗೆ ಹೇಳುವ ಮಾತಾದರೆ ಅದನ್ನು ಹೇಳದಿರುವುದೇ ಮೇಲು. ಆದರೆ ಈ ಸೀಮೆಯ ಕ್ರೈಸ್ತರ ಪಾಲಿಗೆ ಅನಿಶ್ಚಿತತೆ 1979ರಲ್ಲಿ ಮೊದಲಾದದ್ದಲ್ಲ. ಟಿಪ್ಪುವಿನ ಆಳ್ವಿಕೆಯಲ್ಲಿ ಸೆರೆ, ವಲಸೆಗಳಿಗೆ ಸಿಕ್ಕು ಮೈಸೂರು ಸೀಮೆಯ ಕ್ರೈಸ್ತ ಸಮುದಾಯ ಚದುರಿಹೋಗಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅವರನ್ನು ಒಟ್ಟುಗೂಡಿಸಲು ಬಂದವರು ಅಬೆ ದುಬುವಾ, ಜನರ ಬಾಯಲ್ಲಿ 'ದೊಡ್ಡಸ್ವಾಮಿ'. ಫ್ರಾನ್ಸಿನ ಕ್ರಾಂತಿಯ ದಿನಗಳಲ್ಲಿ, 1792ರಲ್ಲಿ, ದೇಶ ಬಿಟ್ಟು ಬಂದ ಪಾದ್ರಿ. ಬಡವರಿಗೆ ಉಳುಮೆಗೆ ನೆಲ ಬೇಕೆಂದು ಹಾಸನದ ಬಳಿ ಸಾತಳ್ಳಿಯಲ್ಲಿ ಬೇಸಾಯದ ವಸಾಹತು ಕಟ್ಟಿಸಿದರು. ಮೈಸೂರು ಸೀಮೆಯಲ್ಲಿ ಸಿಡುಬಿನ ವಿರುದ್ಧ ದಾಕು ಹಾಕಿಸಲು ದುಡಿದರು.

ಇದೇ ದುಬುವಾ ಕೊನೆಗೆ ಆಸೆ ಬಿಟ್ಟರು. 1823ರಲ್ಲಿ ಯೂರೋಪಿಗೆ ಮರಳಿದರು. ಅದೇ ವರ್ಷ ಪ್ರಕಟವಾದ ತಮ್ಮ ಪತ್ರಗಳಲ್ಲಿ, ಈ ದೇಶದಲ್ಲಿ ಕ್ರೈಸ್ತಧರ್ಮ ಬೇರೂರುವ ಸಂಭವವಿಲ್ಲವೆಂದು ವಾದಿಸಿದರು. 1848ರಲ್ಲಿ ಅವರು ತೀರಿಕೊಂಡಾಗ ಶೆಟ್ಟಿಹಳ್ಳಿಯ ಗಾಥಿಕ್ ಕಮಾನುಗಳು ಎದ್ದಿರಲಿಲ್ಲ. ತಾವು ಕೈಚೆಲ್ಲಿದ ನೆಲದಲ್ಲಿ ಮುಂದೆ ಎದ್ದದ್ದನ್ನು ಅವರು ನೋಡಲಿಲ್ಲ. ಅದು ಮುಳುಗಿದ್ದನ್ನೂ ನೋಡಲಿಲ್ಲ. ನಂಬಿಕೆಯ ಲೆಕ್ಕ ಒಬ್ಬನ ಆಯುಷ್ಯದೊಳಗೆ ಮುಗಿಯುವುದಿಲ್ಲವೆಂದು ನನಗನ್ನಿಸುವುದು ಇಂಥ ಕಡೆ.

ಕ್ರಿಸ್‌ಮಸ್ ಕಥೆಗೆ ಬರೋಣ. ಆಗಮನ ಕಾಲದಲ್ಲಿ ಮತ್ತೆ ಮತ್ತೆ ಕೇಳುವ ಹೆಸರು ಇಮ್ಮಾನುವೇಲ್, 'ದೇವರು ನಮ್ಮೊಡನೆ' ಎಂದು ಅದರ ಅರ್ಥ. ಈ ಹೆಸರು ಹುಟ್ಟಿದ್ದು ಗೋದಲಿಯ ಪಕ್ಕದಲ್ಲಲ್ಲ, ಯುದ್ಧದ ಭೀತಿಯಲ್ಲಿ. ಕ್ರಿಸ್ತಪೂರ್ವ 735ರ ಸುಮಾರಿನಲ್ಲಿ ನೆರೆಯ ಇಬ್ಬರು ಅರಸರು ಒಂದಾಗಿ ಜೆರುಸಲೇಮಿನ ಮೇಲೆ ಬಂದರು. ಪ್ರವಾದಿ ಯೆಶಾಯ ಅಲ್ಲಿನ ಅರಸ ಆಹಾಜನನ್ನು ಕಂಡದ್ದು ಮೇಲಿನ ಕೊಳದ ಕಾಲುವೆಯ ಬಳಿ. ಮುತ್ತಿಗೆ ಬಿದ್ದರೆ ಊರಿಗೆ ನೀರು ಸಾಲುವುದೇ ಎಂದು ಅರಸ ಪರೀಕ್ಷಿಸುತ್ತಿದ್ದನೆಂದು ವ್ಯಾಖ್ಯಾನಕಾರರು ಊಹಿಸುತ್ತಾರೆ. ಹೆದರಬೇಡ ಎಂದ ಪ್ರವಾದಿ ಅನಂತರ ಕೊಟ್ಟ ಗುರುತು ಒಂದು ಮಗು, ಅದರ ಹೆಸರು ಇಮ್ಮಾನುವೇಲ್. ಆಹಾಜನಿಗೆ ಅದು ಸಾಲಲಿಲ್ಲ. ಅಸ್ಸೀರಿಯದ ಚಕ್ರವರ್ತಿಗೆ ಕಪ್ಪ ಕಳಿಸಿ ರಕ್ಷಣೆ ಬೇಡಿದ. ಅವನನ್ನು ಹಳಿಯುವುದು ನನಗೆ ಕಷ್ಟ. ಶತ್ರುಗಳು ಬಾಗಿಲಲ್ಲಿರುವಾಗ ಕೂಸಿನ ಹೆಸರನ್ನು ನಂಬಿ ಕೂರುವವರು ಎಷ್ಟು ಜನ? ಆ ಹೆಸರು ಕೂಡ ಕೊಡುವ ಮಾತು ಚಿಕ್ಕದು: 'ನಿಮಗೆ ಏನೂ ಆಗದು' ಎನ್ನುವುದಿಲ್ಲ, 'ಜೊತೆಗಿದ್ದೇನೆ' ಎನ್ನುತ್ತದೆ.

ಯೇಸುವಿನ ಜನನದ ವೃತ್ತಾಂತವೂ ಇಂಥದೇ. ಲೂಕನ ಪ್ರಕಾರ, ಜನಗಣತಿಗೆ ಹೆಸರು ಬರೆಸಬೇಕೆಂಬ ಚಕ್ರವರ್ತಿಯ ಆಜ್ಞೆಗೆ ತುಂಬು ಗರ್ಭಿಣಿ ಮರಿಯ ನಜರೇತಿನಿಂದ ಬೆತ್ಲೆಹೇಮಿಗೆ ಹೊರಟಳು. ಅಲ್ಲಿ ತಂಗಲು ಸ್ಥಳವಿರಲಿಲ್ಲ. ಮತ್ತಾಯನ ಪ್ರಕಾರ, ಹೆರೋದನಿಗೆ ಹೆದರಿ ಕುಟುಂಬ ರಾತ್ರೋರಾತ್ರಿ ಈಜಿಪ್ಟಿಗೆ ಓಡಿತು. ಜೋಸೆಫನಿಗೆ ಕನಸಿನಲ್ಲಿ ಸಿಕ್ಕಿದ್ದು ಪ್ರತಿ ಸಲವೂ ಮುಂದಿನ ಒಂದು ಹೆಜ್ಜೆಯ ಸೂಚನೆ ಮಾತ್ರ: ಏಳು, ಹೊರಡು, ನಾನು ಹೇಳುವ ತನಕ ಅಲ್ಲೇ ಇರು. ಎಷ್ಟು ದಿನವೆಂದು ಅವನಿಗೆ ಯಾರೂ ತಿಳಿಸಲಿಲ್ಲ. ಮಗು ಹುಟ್ಟಿದ ಊರಿಗೆ ಅವರು ಮತ್ತೆ ನೆಲೆಸಲು ಹೋಗಲೂ ಇಲ್ಲ. ಹೆರೋದ ಸತ್ತ ಮೇಲೂ ಅವನ ಮಗನ ಭಯವಿತ್ತು. ನಜರೇತಿನಲ್ಲಿ ಮನೆ ಮಾಡಿ ಬಡಗಿಯ ಕೆಲಸ ಹಿಡಿದರು.

ಮಳೆ ಚೆನ್ನಾಗಿ ಆದ ವರ್ಷಗಳಲ್ಲಿ ಡಿಸೆಂಬರ್‌ ತಿಂಗಳಲ್ಲೂ ಶೆಟ್ಟಿಹಳ್ಳಿಯ ಸುತ್ತ ನೀರಿರುತ್ತದೆ. ಗೋಡೆಗಳ ಕೆಲವು ಭಾಗ ಈಗಾಗಲೇ ಕುಸಿದಿವೆ. ಉಳಿದವೂ ವರ್ಷವರ್ಷ ನೆನೆದು ಒಣಗುತ್ತಿವೆ. ಈ ಸಲದ ಹಬ್ಬಕ್ಕೆ ಆ ಕಡೆ ಹೋಗುವವರು ಕಮಾನುಗಳ ಹತ್ತಿರ ನಿಲ್ಲದೆ ದೂರದಿಂದಲೇ ನೋಡಿರಿ. ಅದರ ಒಳಗೆ ಮದುವೆಯಾದವರು, ಜ್ಞಾನಸ್ನಾನ ಪಡೆದವರು ಬೇರೆ ಬೇರೆ ಊರುಗಳ ದೇವಾಲಯಗಳಲ್ಲಿ ಗೋದಲಿ ಕಟ್ಟುತ್ತಿರುತ್ತಾರೆ.