ಕಾರ್ಖಾನೆಯ ಮೆಟ್ಟಿಲು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತು)

ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂರುವವನಿಗೆ ಮೈಕ್ ಮುಂದೆ ನಿಲ್ಲುವುದು ಕಷ್ಟ. ತಪ್ಪಿದರೆ ಮೇಷ್ಟ್ರು ಹಿಂದಿನಂತೆ ಕಿವಿ ಹಿಂಡಬಹುದು.

ನಮ್ಮ ಎಸ್ಸೆಸ್ಸೆಲ್ಸಿ ಬ್ಯಾಚಿನಲ್ಲಿ ಬಿ.ಇ. ಓದಿದವರು ಇಬ್ಬರೇ. ಉಳಿದವರಲ್ಲಿ ಕೆಲವರು ತೋಟ ನೋಡಿಕೊಂಡರು, ಕೆಲವರು ಪಿಕಪ್ ಓಡಿಸುತ್ತಿದ್ದಾರೆ, ಆರೇಳು ಹೆಣ್ಣುಮಕ್ಕಳು ಬೆಂಗಳೂರಿನ ಗಾರ್ಮೆಂಟ್ಸ್ ಸೇರಿದರು. ಸಭೆಗಳಲ್ಲಿ ನನ್ನಂಥವರ ಹೆಸರು ಹೇಳುತ್ತಾರೆ. ಆದರೆ ಲೈನ್ ಮನೆಯಿಂದ ಹೊರಟು, ತಮ್ಮಂದಿರ ಫೀಸು ಕಟ್ಟಿ, ಅಮ್ಮನಿಗೆ ಗ್ಯಾಸ್ ಒಲೆ ತಂದುಕೊಟ್ಟವರು ಆ ಹೆಣ್ಣುಮಕ್ಕಳು.

ಬಡ ದೇಶಗಳು ಮೇಲೆ ಬಂದ ದಾರಿಯೂ ಬಹುಮಟ್ಟಿಗೆ ಇದೇ. 1960ರ ದಶಕದಲ್ಲಿ ದಕ್ಷಿಣ ಕೊರಿಯಾ ಬಟ್ಟೆ ಮತ್ತು ಕೂದಲಿನ ಟೋಪನ್ ಮಾಡಿ ಮಾರುತ್ತಿತ್ತು. ಆಮೇಲೆ ಹಡಗು, ಕಾರು, ಚಿಪ್. ಹೊಲಿಗೆ ಬಾರದವಳು ಕೆಲವೇ ತಿಂಗಳಲ್ಲಿ ಕಲಿತು ಸಂಬಳ ತರಬಹುದು. ಸಾಫ್ಟ್‌ವೇರ್ ಎಲ್ಲರನ್ನೂ ಹಾಗೆ ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಈಗ ಆ ಮೆಟ್ಟಿಲು ಸವೆಯುತ್ತಿದೆ. ಬಡ ದೇಶಗಳಲ್ಲಿ ಕೈಗಾರಿಕೆ ಪೂರ್ತಿ ಬೆಳೆಯುವ ಮೊದಲೇ ಕುಗ್ಗುತ್ತಿದೆ ಎಂದು ಡ್ಯಾನಿ ರಾಡ್ರಿಕ್ ಎಂಬ ಅರ್ಥಶಾಸ್ತ್ರಜ್ಞರು ತೋರಿಸಿದ್ದಾರೆ. ನಮ್ಮ ದೇಶದ ಉತ್ಪನ್ನದಲ್ಲಿ ತಯಾರಿಕೆಯ ಪಾಲನ್ನು 2022ಕ್ಕೆ ಶೇ. 25ಕ್ಕೆ ಒಯ್ಯುವ ಗುರಿ ಇತ್ತು, ಶೇ. 20ನ್ನೂ ಮುಟ್ಟಲಿಲ್ಲ. 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಎಚ್‌ಎಂಟಿ ಗಡಿಯಾರಕ್ಕೆ 2016ರಲ್ಲಿ ಬೀಗ ಬಿತ್ತು. ಮದುವೆಯಲ್ಲಿ ಅದನ್ನು ಕಟ್ಟಿಸಿಕೊಂಡವರು ಇಲ್ಲೇ ಅನೇಕರಿದ್ದೀರಿ.

ಬೇರೆಯವರ ಮಾತು ಸಾಕು, ನನ್ನದನ್ನು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಕಾರ್ಖಾನೆಗೆ ನಮ್ಮ ತಂಡ ತಂತ್ರಾಂಶ ಬರೆಯಿತು. ಬೆಲ್ಟಿನ ಮೇಲೆ ಬರುವ ಬಿಡಿಭಾಗದಲ್ಲಿ ಗೀರು, ಬಿರುಕು ಇದೆಯೇ ಎಂದು ಕ್ಯಾಮೆರಾವೇ ಹೇಳಬೇಕು. ಅದುವರೆಗೆ ಆ ಕೆಲಸವನ್ನು ಪಾಳಿಗೆ ಹನ್ನೆರಡು ಹುಡುಗಿಯರು ಟ್ಯೂಬ್‌ಲೈಟಿನ ಕೆಳಗೆ ಕಣ್ಣಿಂದಲೇ ಮಾಡುತ್ತಿದ್ದರು. ತಪ್ಪು ಯಾವುದೆಂದು ಯಂತ್ರಕ್ಕೆ ಕಲಿಸಬೇಕಲ್ಲ, ಸಾವಿರಾರು ಫೋಟೋಗಳಿಗೆ ಗುರುತು ಹಾಕಿಕೊಟ್ಟವರೂ ಅವರೇ. ಒಬ್ಬಳು ನನ್ನ ಮಾತಿನ ಧಾಟಿ ಕೇಳಿ, "ಸರ್, ನೀವು ಮೂಡಿಗೆರೆ ಕಡೆಯವರಾ?" ಎಂದಳು. ಕಳಸದ ಹುಡುಗಿ. ನಾಲ್ಕು ತಿಂಗಳ ನಂತರ ಹೋದಾಗ ಆ ಜಾಗದಲ್ಲಿ ಇಬ್ಬರಿದ್ದರು. ಅವಳಿರಲಿಲ್ಲ. ಎಲ್ಲಿಗೆ ಹೋದಳೆಂದು ನಾನು ಕೇಳಲಿಲ್ಲ. ಆ ವರ್ಷ ನನಗೆ ಬಡ್ತಿ ಸಿಕ್ಕಿತು.

ಕಾರ್ಖಾನೆಯ ಕಾಲ ಮುಗಿಯಿತು ಎನ್ನುತ್ತಿಲ್ಲ. ದೇವನಹಳ್ಳಿ ಬಳಿ ಫಾಕ್ಸ್‌ಕಾನ್‌ನವರು ಐಫೋನ್ ಜೋಡಿಸುತ್ತಿದ್ದಾರೆ, ಅಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳೇ. ಆದರೆ ಬರೀ ಕೈಚಳಕ ನಂಬಿ ಹೋದವರನ್ನು ಮೊದಲು ಹೊರಗೆ ಹಾಕುವುದು ನನ್ನಂಥವನ ತಂತ್ರಾಂಶ. ಆ ಯಂತ್ರ ಕೆಟ್ಟಾಗ ಬಿಚ್ಚಿ ಸರಿ ಮಾಡಬಲ್ಲವರು ಉಳಿಯುತ್ತಾರೆ. ಆ ಕಾರ್ಖಾನೆಯಲ್ಲಿ ಉಳಿದ ಇಬ್ಬರೂ ಅಂಥವರೇ.

ನಮ್ಮ ಕಾಫಿಯನ್ನೇ ನೋಡಿ. ದೇಶದ ಕಾಫಿಯಲ್ಲಿ ಸುಮಾರು ಶೇ. 70 ಕರ್ನಾಟಕದ್ದು. ಕಣದಲ್ಲಿ ಒಣಗಿಸಿ, ಚೀಲ ತುಂಬಿ ಕ್ಯೂರಿಂಗ್‌ಗೆ ಕಳಿಸಿದರೆ ನಮ್ಮ ಕೆಲಸ ಮುಗಿಯಿತು. ತೋಟ ಕಾಣದ ಜರ್ಮನಿ, ಇಟಲಿ ಅದನ್ನು ಹುರಿದು ಜಗತ್ತಿಗೆ ಮಾರುತ್ತವೆ. ನಮ್ಮ ಜಿಲ್ಲೆಯ ವಿ.ಜಿ. ಸಿದ್ಧಾರ್ಥ ಅವರು 1996ರಲ್ಲಿ ಬ್ರಿಗೇಡ್ ರಸ್ತೆಯಲ್ಲಿ ಕೆಫೆ ಕಾಫಿ ಡೇ ತೆರೆದು, ಕಪ್ಪಿನವರೆಗೂ ನಾವೇ ಹೋಗಬಹುದೆಂದು ತೋರಿಸಿದರು. ಹುರಿಯುವುದರಿಂದ ಊರಿಗೆಲ್ಲ ಕೆಲಸ ಸಿಕ್ಕೀತು ಎಂದು ಮಾತ್ರ ನಾನು ಹೇಳಲಾರೆ. ಅದೂ ಯಂತ್ರದ ಕೆಲಸವೇ. ಹಣ್ಣಿನ ಕೊಯ್ಲಿನ ನಡುವೆ ಪಲ್ಪರ್ ಕೆಟ್ಟರೆ ಮೆಕ್ಯಾನಿಕ್‌ಗಾಗಿ ಎರಡು ದಿನ ಕಾಯುತ್ತೇವೆ, ಹಣ್ಣು ರಾಶಿಯಲ್ಲೇ ಹುಳಿಯುತ್ತದೆ. ಮೊದಲು ಅದನ್ನು ರಿಪೇರಿ ಮಾಡುವವರು ಇಲ್ಲಿ ಬೇಕು.

ಸಮಿತಿಯವರು ಸಿಟ್ಟಾಗಬಾರದು. ಸ್ವಾಗತ ಕಮಾನಿಗೆ ಕಲ್ಲು ಬಂದು ಬಿದ್ದಿರುವುದನ್ನು ಕಂಡೆ. ಆ ದುಡ್ಡಿನಲ್ಲಿ ಹಿಂದಿನ ಖಾಲಿ ಕೋಣೆಗೆ ಶೀಟು ಹೊದಿಸಿ, ತ್ರೀ ಫೇಸ್ ಕರೆಂಟ್ ಎಳೆದು, ಪಂಪ್‌ಸೆಟ್ಟು, ಕಳೆ ಹೊಡೆಯುವ ಮಿಷನ್ನು ಇಡೋಣ. ಎಂಟು, ಒಂಬತ್ತರ ಮಕ್ಕಳು ಬಿಚ್ಚಿ ಜೋಡಿಸಲಿ, ಹೆಣ್ಣುಮಕ್ಕಳು ಮೊದಲು. ತಿಂಗಳಿಗೊಂದು ಶನಿವಾರ ನಾನು ಕ್ಯಾಮೆರಾ, ಲ್ಯಾಪ್‌ಟಾಪ್ ತಂದು ಕಲಿಸುತ್ತೇನೆ. ನಮ್ಮ ಕೊಟ್ಟಿಗೆಯಲ್ಲಿ ಹಳೆಯ ಪಲ್ಪರ್ ಒಂದು ಬಿದ್ದಿದೆ. ಪಿಕಪ್ ಇರುವ ಗೆಳೆಯ ಬಾಡಿಗೆ ಇಲ್ಲದೆ ತಂದುಕೊಡಲು ಒಪ್ಪಿದ್ದಾನೆ, ಡೀಸೆಲ್ ನನ್ನದು.