ನಿಮ್ಮ ಹ್ಯಾಂಡ್ ಬ್ರೇಕ್ ನಿಜವಾಗ್ಲೂ ಹಿಡೀತಾ ಇದೆಯಾ?

ಇವತ್ತು ಹ್ಯಾಂಡ್ ಬ್ರೇಕ್ ಬಗ್ಗೆ ಮಾತಾಡೋಣ.

ಕಳೆದ ಮಳೆಗಾಲದಲ್ಲಿ ಮಡಿಕೇರಿಗೆ, ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಗೇಟಿನ ಮುಂದೆಯೇ ಏರು. ಎಂಜಿನ್ ಆನ್ ಇತ್ತು, ಗಾಡಿ ನ್ಯೂಟ್ರಲ್‌ನಲ್ಲಿತ್ತು. ಹ್ಯಾಂಡ್ ಬ್ರೇಕ್ ಎಳೆದು ಗೇಟ್ ತೆಗೆಯೋಕೆ ಇಳಿದೆ. ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ, ಕಾರು ಮೆಲ್ಲಗೆ ಹಿಂದಕ್ಕೆ ಜಾರಿ, ಎದುರು ಮನೆ ಕಟ್ಟೆಗೆ ಗುದ್ದಿ ನಿಂತಿತು. ಸಂಜೆ ಹೊತ್ತು ಆ ಕಟ್ಟೆ ಮೇಲೆ ಮಕ್ಕಳು ಕೂತಿರ್ತಾರೆ. ಅವತ್ತು ಮಳೆ ಅಂತ ಯಾರೂ ಇರಲಿಲ್ಲ.

ಬ್ರೇಕ್ ಹಾಳಾಗಿದ್ದು ನನಗೆ ಯಾಕೆ ಗೊತ್ತಾಗಲಿಲ್ಲ? ನಾನು ಯಾವಾಗಲೂ ಮೊದಲು ಗೇರ್ ಹಾಕಿ, ಆಮೇಲೆ ಹ್ಯಾಂಡ್ ಬ್ರೇಕ್ ಎಳೀತಿದ್ದೆ. ಅಷ್ಟು ದಿನ ಕಾರನ್ನ ಹಿಡಿದಿದ್ದು ಗೇರ್.

ನಮ್ಮಲ್ಲಿನ ಹೆಚ್ಚಿನ ಸಣ್ಣ ಕಾರುಗಳಲ್ಲಿ ಹಿಂದಿನ ಚಕ್ರಕ್ಕೆ ಡ್ರಮ್ ಬ್ರೇಕ್ ಇರುತ್ತೆ. ಲಿವರ್ ಎಳೆದಾಗ ಕೇಬಲ್ ಬಿಗಿಯಾಗಿ, ಡ್ರಮ್ ಒಳಗಿನ ಬ್ರೇಕ್ ಶೂಗಳು ಅಗಲವಾಗಿ ಡ್ರಮ್‌ಗೆ ಒತ್ತುತ್ತವೆ. ಶೂ ಸವೆದರೂ, ಕೇಬಲ್ ಸಡಿಲವಾದರೂ ಹಿಡಿತ ಹೋಗುತ್ತೆ. ಡ್ಯಾಶ್‌ಬೋರ್ಡ್‌ನಲ್ಲಿ ಕೆಂಪು ದೀಪ ಹತ್ತಿದೆ ಅಂತ ನಂಬಬೇಡಿ; ಲಿವರ್ ಮೇಲೆ ಬಂದಿದೆ ಅನ್ನೋದಷ್ಟೇ ಅದಕ್ಕೆ ಗೊತ್ತು.

ಮನೆಯಲ್ಲೇ ಮೂರು ವಿಷಯ ನೋಡ್ಕೊಳ್ಳಿ.

ಒಂದು, ಲಿವರ್ ಎಳೆಯುವಾಗ ಕಟಕಟ ಶಬ್ದ ಎಣಿಸಿ. ಎಷ್ಟು ಬರಬೇಕು ಅಂತ ನಿಮ್ಮ ಕಾರಿನ ಮ್ಯಾನ್ಯುಯಲ್‌ನಲ್ಲಿರುತ್ತೆ. ಅದಕ್ಕಿಂತ ಜಾಸ್ತಿ ಬಂದರೆ ಶೂ ಅಥವಾ ಕೇಬಲ್ ನೋಡಿಸಬೇಕು ಅಂತ ಅರ್ಥ.

ಎರಡು, ಹಿಂದೆ ಮುಂದೆ ಯಾರೂ ಇಲ್ಲದ ಸಣ್ಣ ಇಳಿಜಾರಿನಲ್ಲಿ ಕಾರು ನಿಲ್ಲಿಸಿ. ಎಂಜಿನ್ ಆನ್ ಇರಲಿ, ನ್ಯೂಟ್ರಲ್ ಮಾಡಿ. ಹ್ಯಾಂಡ್ ಬ್ರೇಕ್ ಎಳೆದು, ಕಾಲಿನ ಬ್ರೇಕ್ ಮೆಲ್ಲಗೆ ಬಿಡಿ. ಪಾದ ಪೆಡಲ್ ಮೇಲೇ ಇರಲಿ. ಕಾರು ಸ್ವಲ್ಪ ಜಾರಿದರೂ ಗ್ಯಾರೇಜಿಗೆ ಒಯ್ಯಿರಿ.

ಮೂರು, ಸ್ವಲ್ಪ ದೂರ ಓಡಿಸಿ ಬಂದು ಹಿಂದಿನ ಎರಡು ಚಕ್ರದ ಹತ್ತಿರ ಕೈ ಹಿಡಿಯಿರಿ, ಮುಟ್ಟಬೇಡಿ. ಒಂದರಲ್ಲಿ ಮಾತ್ರ ಕಾವು ಜಾಸ್ತಿ ಇದ್ದರೆ ಆ ಕಡೆ ಬ್ರೇಕ್ ಪೂರ್ತಿ ಬಿಡ್ತಿಲ್ಲದಿರಬಹುದು. ಕೇಬಲ್‌ನ ಹೊರಕವಚ ಹರಿದು ನೀರು ಇಳಿದರೆ ಒಳಗಿನ ತಂತಿ ತುಕ್ಕು ಹಿಡಿದು ಸಿಕ್ಕಿಕೊಳ್ಳುತ್ತೆ. ಅದನ್ನ ನೋಡೋಕೆ ಜಾಕ್ ಹಾಕಿ ಕಾರಿನ ಕೆಳಗೆ ನುಗ್ಗಬೇಡಿ, ಲಿಫ್ಟ್ ಇರೋ ಕಡೆ ತೋರಿಸಿ.

ಗ್ಯಾರೇಜಿನಲ್ಲಿ "ಕೇಬಲ್ ಟೈಟ್ ಮಾಡಿದ್ದೀನಿ ಸರ್, ಸರಿಹೋಯ್ತು" ಅಂತಾರೆ. ನನಗೂ ಸರ್ವಿಸ್‌ನಲ್ಲಿ ಹಾಗೇ ಹೇಳಿದ್ರು. ಡ್ರಮ್ ಬಿಚ್ಚಿ ಶೂ ನೋಡಿದ್ರಾ ಅಂತ ಕೇಳಿ. ಶೂ ಸವೆದಿರುವಾಗ ಕೇಬಲ್ ಮಾತ್ರ ಬಿಗಿ ಮಾಡಿದರೆ ಲಿವರ್ ಗಟ್ಟಿ ಅನ್ನಿಸುತ್ತೆ, ಸವೆತ ಹಾಗೇ ಒಳಗೆ ಉಳಿಯುತ್ತೆ.

ಈಗ ನಾನು ಕಾರು ನಿಲ್ಲಿಸೋ ಕ್ರಮ ಬದಲಾಯಿಸಿದ್ದೀನಿ. ಮೊದಲು ಹ್ಯಾಂಡ್ ಬ್ರೇಕ್, ಆಮೇಲೆ ಕಾಲಿನ ಬ್ರೇಕ್ ಮೆಲ್ಲಗೆ ಬಿಟ್ಟು ಕಾರು ನಿಂತಿದೆಯಾ ಅಂತ ನೋಡೋದು, ಕೊನೆಗೆ ಗೇರ್. ಹೀಗೆ ಮಾಡಿದರೆ ದಿನಾ ಒಂದು ಪರೀಕ್ಷೆ ಆದಹಾಗೆ. ಗೇಟ್ ತೆಗೆಯೋಕೆ ಇಳಿಯುವಾಗ ಮಾತ್ರ ಎಂಜಿನ್ ಆಫ್ ಮಾಡಿ, ಗೇರ್ ಹಾಕಿಯೇ ಇಳೀತೀನಿ.

ಇವತ್ತು ಸಂಜೆ ನಿಮ್ಮ ಕಾರಿನಲ್ಲೂ ಒಂದ್ಸಲ ನೋಡಿ. ಮುಂದಿನ ವಾರ ಸಿಗೋಣ.