ಸಂಗೀತದ ಪಾಠಕ್ಕೊಂದು ಬೆಲೆ



2003ರ ಜೂನ್ ತಿಂಗಳಲ್ಲಿ ನಾನು ರಾಣೆಬೆನ್ನೂರು ತಾಲೂಕಿನ ಹಲಗೇರಿಯಲ್ಲಿ ಒಂದು ಕೋಣೆಯನ್ನು ಬಾಡಿಗೆಗೆ ಹಿಡಿದು, ಒಂದು ಪೇಟಿಯನ್ನೂ ಒಂದು ಜೊತೆ ತಬಲವನ್ನೂ ಮುಂದಿಟ್ಟುಕೊಂಡು ಸಂಗೀತ ಕಲಿಸಲು ಕುಳಿತೆ. ಮೊದಲನೆಯ ವಾರ ಯಾರೂ ಬರಲಿಲ್ಲ. ಎರಡನೆಯ ವಾರ ರೈತರೊಬ್ಬರು ಮಗಳನ್ನು ಕರೆದುಕೊಂಡು ಬಂದರು. ಹೊಸ್ತಿಲ ಹೊರಗೇ ನಿಂತು, “ಮಾಸ್ತರ್ರ, ತಿಂಗಳಿಗೆ ಎಷ್ಟ ಕೊಡಬೇಕ್ರಿ?” ಎಂದು ಕೇಳಿದರು. ಹನ್ನೆರಡು ವರ್ಷ ಸ್ವರತಾಳಗಳನ್ನು ಕಲಿತ ನಾನು ಈ ಪ್ರಶ್ನೆಗೆ ಉತ್ತರವನ್ನು ಮಾತ್ರ ಕಲಿತಿರಲಿಲ್ಲ. “ತಮಗೆ ತಿಳಿದಷ್ಟು ಕೊಡಿ” ಎಂದುಬಿಟ್ಟೆ. ಆ ವರ್ಷ ಅವರ ಮನೆಯಿಂದ ನನಗೆ ಬಂದದ್ದು ಅರ್ಧ ಚೀಲ ಜೋಳ, ಎರಡು ತೆಂಗಿನಕಾಯಿ, ಯುಗಾದಿಗೊಂದು ಟವೆಲ್ಲು. ಕೋಣೆಯ ಮಾಲಕರು ಜೋಳವನ್ನು ಬಾಡಿಗೆಯೆಂದು ಒಪ್ಪಿಕೊಳ್ಳುವವರಾಗಿರಲಿಲ್ಲ.

ಇದನ್ನು ನಾನು ಆ ರೈತರ ಮೇಲಿನ ದೂರಾಗಿ ಹೇಳುತ್ತಿಲ್ಲ. ಅವರು ನನ್ನ ಮಾತನ್ನು ನಂಬಿ ನಡೆದುಕೊಂಡರು, ಅಷ್ಟೆ. ನಮ್ಮ ಭಾಗದಲ್ಲಿ ಸಂಗೀತವು ದಾಸೋಹದ ಅನ್ನದೊಡನೆ ಬೆರೆತು ಬಂದ ವಿದ್ಯೆ. ಅದಕ್ಕೆ ಬೆಲೆ ಹೇಳುವುದೆಂದರೆ ಪ್ರಸಾದಕ್ಕೆ ಬೆಲೆ ಕಟ್ಟಿದಂತೆ ಎಂಬ ಭಾವನೆ ಕೇಳುವವರಲ್ಲಿಯೂ ಇದೆ, ಹೇಳುವವರಲ್ಲಿಯೂ ಇದೆ. ನನ್ನಲ್ಲಿ ಅದು ಬಹಳವಾಗಿಯೇ ಇತ್ತು.

ಆ ಭಾವನೆಯ ಮೂಲವನ್ನು ಹುಡುಕಿಕೊಂಡು ಹೋದರೆ ದಾರಿ ನಮ್ಮ ಜಿಲ್ಲೆಯ ಹಳ್ಳಿಗಳಿಗೇ ಬಂದು ಮುಟ್ಟುತ್ತದೆ. ಪಂಚಾಕ್ಷರಿ ಗವಾಯಿಗಳು 1892ರಲ್ಲಿ ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಜನಿಸಿದರು. ಅವರಿಗೆ ಹುಟ್ಟಿನಿಂದಲೇ ಕಣ್ಣಿರಲಿಲ್ಲ. ಹಾನಗಲ್ಲ ಕುಮಾರಸ್ವಾಮಿಗಳು ಅವರನ್ನು ಆಶ್ರಯಕ್ಕೆ ತೆಗೆದುಕೊಂಡು ಸಂಗೀತ ಕಲಿಸಿದರು. ಮುಂದೆ ನೀಲಕಂಠಬುವಾ ಮಿರಜಕರ ಅವರಲ್ಲಿ ಹಿಂದುಸ್ತಾನಿ ಪದ್ಧತಿಯ ಅಭ್ಯಾಸವಾಯಿತು. ತಮ್ಮ ಹಾಗೆಯೇ ಕಣ್ಣಿಲ್ಲದ, ದಿಕ್ಕಿಲ್ಲದ ಮಕ್ಕಳನ್ನು ಕೂಡಿಸಿಕೊಂಡು ಅವರು ಊರಿಂದೂರಿಗೆ ಸಂಚರಿಸಿದರು. ಒಂದೆಡೆ ನೆಲೆ ನಿಲ್ಲದ ಪಾಠಶಾಲೆ ಅದು. ಇಂದು ಈ ಮಠದಲ್ಲಿ, ನಾಳೆ ಆ ಜಾತ್ರೆಯಲ್ಲಿ. ಕೊನೆಗೆ ಗದಗಿನಲ್ಲಿ ಬಸರಿಗಿಡದ ವೀರಪ್ಪನವರ ಔದಾರ್ಯದಿಂದ ಅದಕ್ಕೆ ನೆಲೆ ದೊರೆತು ವೀರೇಶ್ವರ ಪುಣ್ಯಾಶ್ರಮವಾಯಿತು. 1944ರಲ್ಲಿ ಗುರುಗಳು ಲಿಂಗೈಕ್ಯರಾದ ಮೇಲೆ ಆ ಭಾರವನ್ನು ಹೊತ್ತವರು ಪುಟ್ಟರಾಜ ಗವಾಯಿಗಳು. 1914ರಲ್ಲಿ ದೇವಗಿರಿಯಲ್ಲಿ ಹುಟ್ಟಿ, ಎಳೆಯ ಕೂಸಾಗಿದ್ದಾಗಲೇ ದೃಷ್ಟಿ ಕಳೆದುಕೊಂಡ ಅವರು 2010ರಲ್ಲಿ ತೀರಿಕೊಳ್ಳುವವರೆಗೂ ಆ ಭಾರವನ್ನು ಇಳಿಸಲಿಲ್ಲ.

ಅಲ್ಲಿ ಅನ್ನ, ವಸತಿ, ವಿದ್ಯೆ ಮೂರೂ ಉಚಿತ. ಆದುದರಿಂದಲೇ ನಮ್ಮವರು “ಗವಾಯಿಗಳು ಹಣ ಕೇಳಿದರೇ?” ಎಂದು ನನ್ನಂಥವರನ್ನು ಕೇಳುತ್ತಾರೆ. ನಾನೂ ನನ್ನನ್ನು ಹಾಗೆಯೇ ಕೇಳಿಕೊಳ್ಳುತ್ತಿದ್ದೆ. ಆದರೆ ಉಚಿತವೆಂಬ ಮಾತಿನ ಹಿಂದೆ ಯಾರಾದರೊಬ್ಬರು ಕೊಟ್ಟೇ ಇರುತ್ತಾರೆ. ಭಕ್ತರು ಕೊಟ್ಟರು, ಮಠಗಳು ಕೊಟ್ಟವು. ಅದೂ ಸಾಲದಾದಾಗ ಗವಾಯಿಗಳು ನಾಟಕ ಕಂಪನಿಯನ್ನು ಕಟ್ಟಿದರು. ಟಿಕೇಟಿನ ಹಣ ಮಕ್ಕಳ ರೊಟ್ಟಿಯಾಯಿತು. ಇದಕ್ಕಿಂತ ಮುಖ್ಯವಾದುದು ಇನ್ನೊಂದಿದೆ. ಕಣ್ಣಿಲ್ಲದವನು ಭಿಕ್ಷೆ ಬೇಡದೆ ತನ್ನ ವಿದ್ಯೆಯಿಂದ ಬದುಕಬೇಕೆಂಬುದೇ ಆ ಸಾಹಸದ ಗುರಿಯಾಗಿತ್ತು. ಅಲ್ಲಿಂದ ಹೊರಬಿದ್ದವರು ಶಾಲೆಗಳಲ್ಲಿ ಶಿಕ್ಷಕರಾದರು, ಪುರಾಣ ಪ್ರವಚನಗಳಿಗೆ ಸಾಥಿಗಳಾದರು, ಊರೂರಲ್ಲಿ ಸ್ವಂತ ಪಾಠ ಹೇಳಿ ಸಂಸಾರ ಸಾಗಿಸಿದರು. ದುಡಿದು ಉಣ್ಣಲೆಂದು ಕೊಟ್ಟ ವಿದ್ಯೆಯನ್ನು ಹಿಡಿದುಕೊಂಡು ನಾನು ದರ ಹೇಳಲು ನಾಚುತ್ತಿದ್ದೆ! ಈ ವಿಚಿತ್ರ ನನಗೆ ಹೊಳೆದದ್ದು ಮೂರನೆಯ ತಿಂಗಳ ಬಾಡಿಗೆ ಬಾಕಿ ಉಳಿದಾಗ.

ವಿಷ್ಣು ದಿಗಂಬರ ಪಲುಸ್ಕರರು 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ತೆರೆದಾಗ ಈ ಸಂಕೋಚವನ್ನು ಧೈರ್ಯದಿಂದ ಮುರಿದರು. ರಾಜರ ಆಶ್ರಯವನ್ನು ಬಿಟ್ಟು ಜನರನ್ನು ನಂಬಿದರು. ಮುಂಬಯಿಯಲ್ಲಿ ಸಾಲ ಮಾಡಿ ಕಟ್ಟಿಸಿದ ಕಟ್ಟಡ ಕೈಬಿಟ್ಟು ಹೋದುದೂ ಅದೇ ಕಥೆಯ ಭಾಗ. ಹೊಸದಾಗಿ ಪಾಠಶಾಲೆ ತೆರೆಯುವವರು ಅದನ್ನು ಮರೆಯಬಾರದು. ಅವರ ಪರಂಪರೆಯ ಪ್ರಾರಂಭಿಕ, ಪ್ರವೇಶಿಕಾ, ಮಧ್ಯಮಾ, ವಿಶಾರದ ಪರೀಕ್ಷೆಗಳೇ ಇಂದಿಗೂ ನಮ್ಮಲ್ಲಿ ಅನೇಕ ಮಾಸ್ತರರ ಒಲೆ ಉರಿಸುತ್ತಿವೆ. ಪ್ರಮಾಣಪತ್ರ ಸಿಗುತ್ತದೆಂದರೆ ತಂದೆತಾಯಿಗಳು ಪಗಾರದ ದಿನವೇ ಹಣ ಕಳಿಸುತ್ತಾರೆ. ಹತ್ತು ರಾಗಗಳ ಆರೋಹ ಅವರೋಹ ಒಪ್ಪಿಸಬಲ್ಲ, ಆದರೆ ಒಂದು ಭೂಪವನ್ನು ಐದು ನಿಮಿಷ ಹಾಡಲಾರದ ಮಕ್ಕಳನ್ನು ನಾನೂ ತಯಾರು ಮಾಡಿದ್ದೇನೆ. ಒಪ್ಪಿಕೊಳ್ಳುತ್ತೇನೆ.

ಅಂತೂ ಎರಡನೆಯ ವರ್ಷ ದರ ಗೊತ್ತುಮಾಡಿದೆ: ತಿಂಗಳಿಗೆ ನೂರು ರೂಪಾಯಿ. ನೌಕರಿಯವರಿಗೆ ಅದು ಸರಿಹೋಯಿತು, ಒಕ್ಕಲುತನದವರಿಗೆ ಹೋಗಲಿಲ್ಲ. ಬಡವರಾಗಿದ್ದುದು ಅದಕ್ಕೆ ಕಾರಣವಲ್ಲ. ಅವರ ಕೈಗೆ ಹಣ ಬರುವುದು ತಿಂಗಳ ಲೆಕ್ಕದಲ್ಲಲ್ಲ, ಸುಗ್ಗಿಯ ಲೆಕ್ಕದಲ್ಲಿ. ಸಂಕ್ರಮಣದ ಆಚೀಚೆ ಬ್ಯಾಡಗಿಯ ಪೇಟೆಗೆ ಮೆಣಸಿನಕಾಯಿಯ ಚೀಲಗಳು ಸಾಲುಗಟ್ಟುವ ಹೊತ್ತಿಗೆ ವರ್ಷದ ಹಣವನ್ನು ಒಮ್ಮೆಲೇ ಕೊಡುವೆವೆಂದವರು ಬಹುಪಾಲು ಕೊಟ್ಟರು. ಮುಂಗಾರಿನಲ್ಲಿ ಮಕ್ಕಳು ಹೊಲಕ್ಕೆ ಹೋಗುವ ದಿನಗಳನ್ನು ಮೊದಲೇ ಲೆಕ್ಕದಿಂದ ಬಿಟ್ಟೆ. ವಾರಕ್ಕೆರಡು ದಿನ ರಾಣೆಬೆನ್ನೂರಿಗೆ ಬಸ್ಸಿನಲ್ಲಿ ಹೋಗಿ ಮನೆಪಾಠ ಹೇಳಿದೆ. ಹಲಗೇರಿಯ ಕೋಣೆಯನ್ನು ಉಳಿಸಿದ್ದು ಆ ಊರಿನ ಮನೆಪಾಠಗಳೇ. ಬೆಲೆ ಹೇಳಿದ ಮೇಲೆ ಒಂದು ಸಂಗತಿ ಕಂಡೆ. ಮಕ್ಕಳು ತಪ್ಪದೆ ಬರತೊಡಗಿದರು, ನಾನೂ ತಪ್ಪದೆ ಕಲಿಸತೊಡಗಿದೆ. ಮೊದಲು, ಕೊಟ್ಟಷ್ಟಕ್ಕೆ ಕಲಿಸಿದರಾಯಿತು ಎಂಬ ಒಂದು ಕಳ್ಳತನ ನನ್ನೊಳಗೂ ಇತ್ತು.

ಇನ್ನು ಚಿಕಿತ್ಸೆಯ ಮಾತು. ಅದನ್ನು ನಾನು ಹುಡುಕಿಕೊಂಡು ಹೋದವನಲ್ಲ. ನಮ್ಮ ಓಣಿಯ ಹಿರಿಯರೊಬ್ಬರಿಗೆ ಲಕ್ವ ಹೊಡೆದು ಬಲಗೈಯೂ ಮಾತೂ ಹೋಗಿದ್ದವು. ನೀರು ಬೇಕೆಂದು ಹೇಳಲಾರರು. ಒಂದು ಸಂಜೆ ಭಜನೆಯವರು ಪಲ್ಲವಿ ಹಿಡಿದಾಗ ಅವರು ಒಂದು ಅಕ್ಷರವೂ ತಪ್ಪದೆ ದನಿಗೂಡಿಸಿದರು. ಮನೆಯವರು ಅತ್ತುಬಿಟ್ಟರು. ಊರೆಲ್ಲ ಪವಾಡವೆಂದಿತು. ನಿಜವಾಗಿ ಇದು ವೈದ್ಯರಿಗೆ ಬಹು ಹಿಂದೆಯೇ ತಿಳಿದ ಸಂಗತಿ. ಮಾತಿಗೆ ಮುಖ್ಯವಾಗಿ ಬೇಕಾಗುವುದು ಹೆಚ್ಚಿನವರಲ್ಲಿ ಮೆದುಳಿನ ಎಡಭಾಗ. ಹಾಡಿಗೆ ಎರಡೂ ಭಾಗಗಳು ಕೈಗೂಡಿಸುತ್ತವೆ. ಇದನ್ನು ಆಧರಿಸಿ 1973ರಲ್ಲಿ ಅಮೇರಿಕೆಯ ಬಾಸ್ಟನ್ನಿನ ತಜ್ಞರು ಒಂದು ಕ್ರಮವನ್ನು ಪ್ರಕಟಿಸಿದರು. ನಿತ್ಯದ ಚಿಕ್ಕ ಮಾತುಗಳನ್ನು ಎರಡೇ ಸ್ವರಗಳಲ್ಲಿ ರಾಗವಾಗಿ ನುಡಿಸುತ್ತ, ರೋಗಿಯ ಎಡಗೈಯಿಂದ ತಾಳ ಹಾಕಿಸುತ್ತ, ದಿನಗಳೆದಂತೆ ರಾಗವನ್ನು ಸ್ವಲ್ಪಸ್ವಲ್ಪವೇ ಕಳಚಿ ಮಾತನ್ನು ಉಳಿಸಿಕೊಳ್ಳುವುದು. ಎಲ್ಲರಿಗೂ ಅದು ಫಲಿಸುವುದಿಲ್ಲ, ಕೆಲವರಿಗೆ ಫಲಿಸುತ್ತದೆ. ವೈದ್ಯರೊಬ್ಬರ ಸಲಹೆಯಂತೆ ನಾವು ಅದನ್ನು ಮಾಡಿದೆವು. ಎಂಟು ತಿಂಗಳಲ್ಲಿ ಹಿರಿಯರು “ನೀರ ಕೊಡು” ಎಂದರು, ಹಾಡಿದಂತೆ.

ಅಲ್ಲಿಂದ ನನ್ನ ತಪ್ಪು ಆರಂಭವಾಯಿತು. ಸುದ್ದಿ ಹಬ್ಬಿ, ಐದು ವರ್ಷವಾದರೂ ಮಾತು ಬಾರದ ಮಗನನ್ನು ದಂಪತಿಗಳು ಕರೆತಂದರು. ಹಿರಿಯರ ಪ್ರಸಂಗದಿಂದ ನನ್ನ ತಲೆ ತಿರುಗಿತ್ತು. “ಆರು ತಿಂಗಳು ಬಿಡಿ, ಮಾತಾಡುತ್ತಾನೆ” ಎಂದೆ. ಇದ್ದ ಮಾತನ್ನು ಕಳೆದುಕೊಂಡವನ ಸ್ಥಿತಿ ಬೇರೆ, ಮಾತೇ ಮೂಡದ ಮಗುವಿನದು ಬೇರೆ ಎಂಬುದನ್ನು ನಾನು ವಿಚಾರಿಸಲಿಲ್ಲ. ಕಿವಿಯ ಪರೀಕ್ಷೆಯಾಗಿದೆಯೇ ಎಂದು ಸಹ ಕೇಳಲಿಲ್ಲ. ಆರು ತಿಂಗಳಾಯಿತು, ಒಂಬತ್ತಾಯಿತು. ತಂದೆ ಒಂದು ಸಂಜೆ ಹಣ ಮುಂದಿಟ್ಟು, ಏನನ್ನೂ ಆಡದೆ, ಹುಡುಗನನ್ನು ಎತ್ತಿಕೊಂಡು ಹೋದರು. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಕೇಳುಗರೇ, ಇಂಥ ರೋಗಕ್ಕೆ ಇಂಥ ರಾಗ ಎಂಬ ಪಟ್ಟಿಗಳು ಪುಸ್ತಕದ ಅಂಗಡಿಗಳಲ್ಲಿ ಸಿಗುತ್ತವೆ. ಮುತ್ತುಸ್ವಾಮಿ ದೀಕ್ಷಿತರು ಶಿಷ್ಯನ ಹೊಟ್ಟೆನೋವು ಕಳೆಯಲು ನವಗ್ರಹ ಕೃತಿಗಳನ್ನು ರಚಿಸಿದರೆಂಬ ಕಥೆಯನ್ನು ಎಲ್ಲರೂ ಬಲ್ಲರು. ಆ ಕೃತಿಗಳ ಮುಂದೆ ನಾನು ತಲೆಬಾಗುತ್ತೇನೆ. ಆದರೆ ಆ ಕಥೆಯನ್ನು ಔಷಧದ ಚೀಟಿಯಂತೆ ಬರೆದುಕೊಡಲಾರೆ. ನಡಿಗೆ ತಪ್ಪಿದವರಿಗೆ ಸಮತಾಳ ಹೆಜ್ಜೆಗೆ ಆಧಾರವಾಗುವುದುಂಟು. ಕಳವಳ ತುಂಬಿದ ಮನಸ್ಸು ಹಾಡಿನಿಂದ ತುಸು ಹೊತ್ತು ಶಾಂತವಾಗುವುದುಂಟು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಸಂಗೀತಕ್ಕೂ ಮೆದುಳಿಗೂ ಇರುವ ಸಂಬಂಧದ ಬಗೆಗೆ ಕ್ರಮಬದ್ಧವಾದ ಸಂಶೋಧನೆ ನಡೆದಿದೆ. ಅಂಥ ಕಡೆ ವೈದ್ಯನ ಪಕ್ಕದಲ್ಲಿ ಕುಳಿತ ಸಂಗೀತಗಾರನಿಗೆ ಸ್ಥಾನವಿದೆ; ವೈದ್ಯನ ಕುರ್ಚಿಯಲ್ಲಿ ಕುಳಿತವನಿಗಿಲ್ಲ.

ಆ ಹುಡುಗನ ತಂದೆ ಹೋದ ಮೇಲೆ ಎರಡು ತಿಂಗಳು ನಾನು ಪಾಠವನ್ನು ಮಾತ್ರ ಹೇಳಿದೆ. ಆಮೇಲೆ ಒಂದು ದಪ್ಪ ವಹಿಯನ್ನು ತಂದಿಟ್ಟೆ. ಯಾರೇ ಬರಲಿ, ವೈದ್ಯರ ಚೀಟಿಯನ್ನು ಮೊದಲು ನೋಡುವುದು. ಬಂದ ದಿನ ಏನು ಸಾಧ್ಯವಿತ್ತೆಂಬುದನ್ನು ಬರೆದಿಡುವುದು. ಮೂರು ತಿಂಗಳಿಗೊಮ್ಮೆ ಅದನ್ನು ಮನೆಯವರ ಎದುರಿಗೇ ಓದುವುದು. ದರ ಮಾತ್ರ ಪಾಠಕ್ಕೆ ಎಷ್ಟೋ ಅಷ್ಟೆ. ಚಿಕಿತ್ಸೆಯೆಂದು ಹೆಚ್ಚು ಕೇಳಿದರೆ ನಾಲಗೆ ತಾನಾಗಿಯೇ ಹೆಚ್ಚು ಭರವಸೆ ಕೊಡತೊಡಗುತ್ತದೆ; ಇದು ನನ್ನ ಅನುಭವ. ಬೋರ್ಡಿನಲ್ಲಿ “ಸಂಗೀತ ಪಾಠ” ಎಂದಷ್ಟೇ ಬರೆಸಿದ್ದೇನೆ.

ಒಂದು ವರ್ಷದ ಮೇಲೆ ಆ ತಾಯಿ ಮಗನೊಡನೆ ಮತ್ತೆ ಬಂದರು. ಈ ಸಲ ನಾನು ಹೇಳಿದ್ದಿಷ್ಟು: “ಮಾತು ಬರುತ್ತದೆಂದು ನಾನು ಹೇಳುವುದಿಲ್ಲ. ಅದಕ್ಕೆ ಹುಬ್ಬಳ್ಳಿಯ ವೈದ್ಯರನ್ನು ಬಿಡಬೇಡಿ. ಅವನಿಗೆ ತಾಳ ಹಿಡಿಸುವುದಾದರೆ ಕಲಿಸುತ್ತೇನೆ.” ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ತಿಂಗಳಿಗೆ ಎಷ್ಟ್ರಿ?” ಎಂದರು. ನೂರು ರೂಪಾಯಿ ಎಂದೆ. ಹುಡುಗ ಅಷ್ಟರಲ್ಲಿಯೇ ಒಳಗೆ ಹೋಗಿ ಡಗ್ಗದ ಮುಂದೆ ಕುಳಿತಿದ್ದ.